ಯುಗಾದಿಗೆ ಮೊದಲು ನಮ್ಮ ಶಾಲೆಯ ಹಿತ್ತಲು



ಈ ಸಲದ ಗೋಡೆ ಪತ್ರಿಕೆಗೆ ನಾನು ಒಗಟು ಬರೆದುಕೊಡುತ್ತೇನೆ ಅಂತ ಹೇಳಿದ್ದೆ. ಒಗಟು ಮುಂದಿನ ತಿಂಗಳು ಕೊಡುತ್ತೇನೆ. ಈಗ ಬೇರೆ ಮಾತು ಹೇಳೋದಿದೆ.

ಹೋದ ಶನಿವಾರ ಶ್ರಮದಾನ ಮುಗಿದ ಮೇಲೆ ಗುರುಗಳು, "ಸಂಕ್ರಾಂತಿ ಆತು. ಇನ್ನ ವಸಂತ ಬರತೈತಿ. ಮುಂದಿನ ಶನಿವಾರ ಅಂಗಳ, ಹಿತ್ತಲ ಎಲ್ಲಾ ಹಸನ ಮಾಡಿ ಮಡಿ ತಯಾರ ಮಾಡೋಣ" ಅಂದರು. ಎಲ್ಲರೂ ಖುಷಿಯಿಂದ ಹೂಂ ಅಂದೆವು. ಆಗ ನಮ್ಮ ವರ್ಗದ ಒಬ್ಬ ಎದ್ದು, "ಎಲಿ ಎಲ್ಲಾ ಗುಡ್ಡೆ ಹಾಕಿ ಸುಟ್ಟಬಿಡೋಣ್ರಿ ಸರ್. ಹೋದ ವರ್ಷದಂಗ ಕ್ಯಾಬೀಜ್ ಸಸಿ ತರೋಣ್ರಿ" ಅಂದ. ನಾನು ಎದ್ದು ನಿಂತು "ಬ್ಯಾಡ್ರಿ ಸರ್" ಅಂದೆ. ಯಾಕೆ ಅಂತ ಕೇಳಿದರೆ ನನಗೆ ಮಾತೇ ಬರಲಿಲ್ಲ. ಎಲ್ಲರೂ ನಕ್ಕರು. ಗುರುಗಳು ಮಾತ್ರ ನಗಲಿಲ್ಲ. "ಬಾಯಿಲೆ ಬರದಿದ್ದರ ಬರದು ತೋರಸು" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಇಷ್ಟು. ಅಂಗಳದ ಎಲೆ ಸುಡಬಾರದು, ಗುಂಡಿ ತೋಡಿ ಅದರಲ್ಲಿ ಹಾಕಬೇಕು. ಬೇಸಿಗೆ ರಜೆಗೆ ಮೊದಲು ಕೈಗೆ ಬರುವಂಥ ಸೊಪ್ಪು ಮಾತ್ರ ಈಗ ಬಿತ್ತಬೇಕು. ಉಳಿದ ಜಾಗವನ್ನು ಮಳೆಗಾಲಕ್ಕೆ ಅಂತ ತಯಾರು ಮಾಡಿ ಇಡಬೇಕು.

ಕಾರಣ ಹೇಳುವ ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು.

ಹೋದ ವರ್ಷ ಇದೇ ದಿನಗಳಲ್ಲಿ ನಮ್ಮ ಶಾಲೆಯ ಬೇಲಿಗೆ ಬೆಂಕಿ ಬಿದ್ದದ್ದು ನಿಮಗೆಲ್ಲ ನೆನಪಿದೆ. ಅದಕ್ಕೂ ಹಿಂದಿನ ಏಳನೇ ವರ್ಗದವರು ನೆಟ್ಟಿದ್ದ ಎರಡು ನುಗ್ಗೆ ಗಿಡ ಮತ್ತು ಒಂದು ಪೇರಲ ಗಿಡ ಅದರಲ್ಲಿ ಸುಟ್ಟುಹೋದವು. ಊರವರು ಕೊಡ ತಂದು ನೀರು ಹಾಕಿ ಆರಿಸಿದರು. ಬೇಲಿಯ ಹತ್ತಿರ ದಿನಾ ದನ ಮೇಯಿಸಿಕೊಂಡು ಕೂಡುತ್ತಿದ್ದ ಅಜ್ಜ ಬೀಡಿ ಎಸೆದಿರಬೇಕು ಅಂತ ಎಲ್ಲರೂ ಅಂದರು. ಆದರೆ ಬೆಂಕಿ ಅವರದಲ್ಲ. ಅದು ನನ್ನದು. ಆ ದಿನ ಮುಂಜಾನೆ ಹುಡುಗಿಯರು ಅಂಗಳ ಗುಡಿಸಿ ಎಲೆ ಗುಡ್ಡೆ ಮಾಡಿದ್ದರು. ನಾನು ಕಡ್ಡಿ ಗೀರಿದೆ. ಎಲೆ ಉರಿದು ಮುಗಿಯಿತು ಅಂತ ತಿಳಿದು ಬೂದಿಯನ್ನು ಬುಟ್ಟಿಯಲ್ಲಿ ತುಂಬಿ ಬೇಲಿಯ ಬುಡಕ್ಕೆ ಸುರಿದು ಮನೆಗೆ ಓಡಿದೆ. ಬೂದಿಯ ಒಳಗೆ ಕೆಂಡ ಇತ್ತು. ಮಧ್ಯಾಹ್ನ ಗಾಳಿ ಎದ್ದಿತು. ಆಮೇಲೆ ಏನಾಯಿತು ಅಂತ ನಿಮಗೆ ಗೊತ್ತು.

ನಾನು ಒಂದು ವರ್ಷ ಸುಮ್ಮನಿದ್ದೆ. ಆ ಅಜ್ಜ ಈಗ ನಮ್ಮ ಬೇಲಿಯ ನೆರಳಿಗೆ ಬರೋದಿಲ್ಲ, ದನ ಹೊಡೆದುಕೊಂಡು ಸುತ್ತು ಹಾಕಿ ಹಳ್ಳದ ಕಡೆ ಹೋಗುತ್ತಾರೆ. ಅದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಹೇಗೋ ಆಗುತ್ತಿತ್ತು. ಈ ಲೇಖನ ಗೋಡೆಗೆ ಹಚ್ಚುವ ಮೊದಲು ನಿನ್ನೆ ಸಂಜೆ ಅವರ ಮನೆಗೆ ಹೋಗಿ ಹೇಳಿ ಬಂದೆ. ಅವರು ಏನಂದರು ಅಂತ ಮುಂದೆ ಬರೆಯುತ್ತೇನೆ.

ಇನ್ನು ಎಲೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಯ ಸುತ್ತ ಸಾಗವಾನಿ ಮರಗಳಿವೆ. ದಾಂಡೇಲಿ, ಹಳಿಯಾಳದ ಕಡೆ ಸಾಗವಾನಿ ಇಲ್ಲದ ಊರು ಎಲ್ಲಿದೆ? ಚಳಿಗಾಲ ಮುಗಿಯುವ ಹೊತ್ತಿಗೆ ಅದರ ಎಲೆ ಉದುರುತ್ತದೆ. ಒಂದೊಂದು ಎಲೆ ನಮ್ಮ ಬಿಸಿಯೂಟದ ತಟ್ಟೆಗಿಂತ ದೊಡ್ಡದು. ಗುಡಿಸಿದಷ್ಟೂ ಬೀಳುತ್ತದೆ. ಅದಕ್ಕೇ ನಮಗೆ ಅದು ಕಸ ಅಂತ ಅನಿಸುತ್ತದೆ, ಕಡ್ಡಿ ಗೀರಿದರೆ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಆದರೆ ಅಕ್ಕೋರು ಏನು ಹೇಳಿದರು ಗೊತ್ತೇ? ಅವರ ಊರು ಯಲ್ಲಾಪುರದ ಕಡೆ. ಅಲ್ಲಿ ಒಣಗಿದ ಎಲೆಗೆ ದರಕು ಅನ್ನುತ್ತಾರೆ. ಅಡಿಕೆ ತೋಟದವರು ಬೇಸಿಗೆಗೆ ಮೊದಲು ಬೆಟ್ಟದಲ್ಲಿ ದರಕು ಗುಡಿಸಿ, ಹೊತ್ತು ತಂದು, ಕೊಟ್ಟಿಗೆಯಲ್ಲಿ ದನದ ಕಾಲ ಕೆಳಗೆ ಹಾಸುತ್ತಾರೆ. ಅದು ಸಗಣಿ, ಗಂಜಲದಲ್ಲಿ ನೆನೆದು ಗೊಬ್ಬರ ಆಗಿ ತೋಟಕ್ಕೆ ಹೋಗುತ್ತದೆ. ಅವರು ಬೆಟ್ಟ ಹತ್ತಿ ತರುವ ವಸ್ತು ನಮ್ಮ ಅಂಗಳಕ್ಕೆ ತಾನೇ ಬಂದು ಬೀಳುತ್ತದೆ. ನಾವು ಅದನ್ನು ಸುಟ್ಟು, ಆಮೇಲೆ ಮಡಿಗೆ ಹಾಕಲು ಗೊಬ್ಬರ ಯಾರ ಮನೆಯಿಂದ ತರೋಣ ಅಂತ ಕೇಳುತ್ತೇವೆ.

ಇನ್ನೊಂದು ಮಾತು. ನಮ್ಮದು ಕಾಡಿನ ಅಂಚಿನ ಊರು. ಜೋಯಿಡಾ, ದಾಂಡೇಲಿಯ ಕಾಡಿನ ದೊಡ್ಡ ಭಾಗ ಹುಲಿಗಳಿಗಾಗಿ ಕಾಯ್ದಿಟ್ಟ ಜಾಗ. 2007ರಲ್ಲಿ ದಾಂಡೇಲಿ–ಅಣಶಿ ಅಂತ ಆಗಿದ್ದಕ್ಕೆ 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಅಂತ ಹೆಸರು ಬಂತು. ಬೇಸಿಗೆಗೆ ಮೊದಲು ಅರಣ್ಯ ಇಲಾಖೆಯವರು ಕಾಡಿನಲ್ಲಿ ಬೆಂಕಿ ರೇಖೆ ಮಾಡುತ್ತಾರೆ. ಅಂದರೆ ಬೆಂಕಿ ಬಂದರೂ ಆಚೆ ದಾಟಬಾರದು ಅಂತ ಉದ್ದಕ್ಕೆ ಒಣ ಹುಲ್ಲು, ಎಲೆ ತೆಗೆದು ನೆಲ ಬರಿದು ಮಾಡುತ್ತಾರೆ. ಅವರು ಅಷ್ಟು ಕಷ್ಟಪಡುವ ದಿನಗಳಲ್ಲೇ ನಾವು ಶಾಲೆಯಲ್ಲಿ ಗುಡ್ಡೆ ಗುಡ್ಡೆ ಬೆಂಕಿ ಹಚ್ಚುವುದು ಸರಿಯೇ? ಹೋದ ವರ್ಷ ಬೇಲಿಗೆ ನಿಂತಿತು. ಗಾಳಿ ಆ ಕಡೆ ಬೀಸಿದ್ದರೆ ಎಲ್ಲಿಗೆ ಹೋಗುತ್ತಿತ್ತೋ!

ಈಗ ಕ್ಯಾಬೀಜಿನ ಕಥೆ. ಹೋದ ವರ್ಷ ಗ್ಯಾದರಿಂಗ್ ಹೊತ್ತಿಗೆ ಹಿತ್ತಲು ಚಂದ ಕಾಣಬೇಕು ಅಂತ ಫೆಬ್ರುವರಿಯಲ್ಲಿ ಹಳಿಯಾಳದಿಂದ ಸಸಿ ತಂದು ನೆಟ್ಟೆವು. ಬಂದವರೆಲ್ಲ ನೋಡಿ ಶಹಬ್ಬಾಸ್ ಅಂದರು. ಏಪ್ರಿಲ್ ಎರಡನೇ ವಾರ ರಜೆ ಬಂತು. ಜೂನ್ ಹೊತ್ತಿಗೆ ಬಂದು ನೋಡಿದರೆ ಏನಿತ್ತು? ಒಣಗಿದ ಕಡ್ಡಿ, ಅದರ ಮೇಲೆ ಆಡಿನ ಹಿಕ್ಕೆ. ಒಂದೇ ಒಂದು ಕ್ಯಾಬೀಜ್ ನಮ್ಮ ಸಾರಿಗೆ ಬೀಳಲಿಲ್ಲ.

ಇದರಲ್ಲಿ ಕ್ಯಾಬೀಜಿನ ತಪ್ಪಿಲ್ಲ, ಲೆಕ್ಕದ ತಪ್ಪಿದೆ. ಸಸಿ ನೆಟ್ಟ ಮೇಲೆ ಗೆಡ್ಡೆ ಕಟ್ಟಲು ಅದಕ್ಕೆ ಎರಡೂವರೆ ಮೂರು ತಿಂಗಳು ಬೇಕು. ಅದಕ್ಕೆ ತಂಪು ಹವೆಯೂ ಬೇಕು. ಫೆಬ್ರುವರಿ ಮೊದಲ ವಾರದಿಂದ ರಜೆಯವರೆಗೆ ನಮ್ಮ ಕೈಯಲ್ಲಿ ಇರೋದು ಸುಮಾರು 65 ದಿನ. ಆದ್ದರಿಂದ 65 ದಿನದ ಒಳಗೆ ಬರುವುದನ್ನೇ ಬಿತ್ತಬೇಕು. ನಾನು ಅವ್ವನನ್ನು, ಬಿಸಿಯೂಟದ ಅಡುಗೆ ಅಕ್ಕನನ್ನು ಕೇಳಿ ಬರೆದುಕೊಂಡಿದ್ದೇನೆ. ಮೆಂತ್ಯ ಮತ್ತು ಹರಿವೆ 25ರಿಂದ 30 ದಿನದಲ್ಲಿ ಕೊಯ್ಯಲು ಬರುತ್ತವೆ. ಮೂಲಂಗಿ 40ರಿಂದ 45 ದಿನ. ಬೆಂಡೆ ಮೊದಲ ಕಾಯಿ ಬಿಡಲು 45ರಿಂದ 50 ದಿನ. ಹರಿವೆ, ಮೆಂತ್ಯವನ್ನು ಎರಡು ಸಲ ಬಿತ್ತಿದರೂ ರಜೆಯ ಒಳಗೆ ಮುಗಿಯುತ್ತದೆ. ಬದನೆ, ಕ್ಯಾಬೀಜ್ ಈಗ ಬೇಡ.

"ಬೇಸಿಗೆಯಾಗ ನೀರ ಎಲ್ಲಿಂದ ತರತಿ?" ಅಂತ ನನ್ನ ಪಕ್ಕ ಕೂಡುವ ಗೆಳೆಯ ಕೇಳಿದ. ಒಳ್ಳೆಯ ಪ್ರಶ್ನೆ. ಬೋರಿನಲ್ಲಿ ಮಾರ್ಚ್ ತಿಂಗಳಲ್ಲೇ ನೀರು ಕಡಿಮೆ ಆಗುತ್ತದೆ. ಕುಡಿಯುವ ನೀರನ್ನು ಗಿಡಕ್ಕೆ ಹಾಕಬೇಕು ಅಂತ ನಾನು ಹೇಳೋದಿಲ್ಲ. ಊಟ ಆದ ಮೇಲೆ ನಾವು ತಟ್ಟೆ, ಕೈ ತೊಳೆಯುವ ಜಾಗ ಇದೆಯಲ್ಲ, ಅಲ್ಲಿ ಮೂರು ದಿನ ನಾನು ಬಕೆಟ್ ಇಟ್ಟು ಅಳೆದೆ. ಒಬ್ಬರಿಗೆ ಸುಮಾರು 2 ಲೀಟರ್ ನೀರು ಹೋಗುತ್ತದೆ. ನಾವು 64 ಮಕ್ಕಳು. 64×2 ಅಂದರೆ ದಿನಕ್ಕೆ 128 ಲೀಟರ್. ನಮ್ಮ ಬಕೆಟ್ 16 ಲೀಟರಿನದು, ಅಂದರೆ 8 ಬಕೆಟ್ ನೀರು. ರಜೆಯವರೆಗೆ 50 ದಿನ ಊಟ ಅಂತ ಹಿಡಿದರೂ 6400 ಲೀಟರ್ ಆಗುತ್ತದೆ. ಬೇಸಿಗೆಯಲ್ಲಿ ಊರಿಗೆ ನೀರಿನ ಟ್ಯಾಂಕರ್ ಬಂದಾಗ ನಾವು ಕೊಡ ಹಿಡಿದು ಓಡುತ್ತೇವಲ್ಲ, ಅಂಥ ಒಂದು ಟ್ಯಾಂಕರಿನಷ್ಟು ನೀರನ್ನು ನಾವೇ ಗಟಾರಕ್ಕೆ ಬಿಡುತ್ತೇವೆ. ಹನಿ ಹನಿ ಕೂಡಿದರೆ ಹಳ್ಳ ಅಂತ ಪುಸ್ತಕದಲ್ಲಿ ಓದುತ್ತೇವೆ, ನಮ್ಮ ಹಳ್ಳ ಗಟಾರದಲ್ಲಿ ಹರಿಯುತ್ತಿದೆ.

ಅಲ್ಲಿಂದ ಮಡಿಯವರೆಗೆ ಒಂದು ಸಣ್ಣ ಕಾಲುವೆ ತೋಡಿದರೆ ಸಾಕು. ಅನ್ನದ ಅಗುಳು ಹೋಗದಂತೆ ಬಾಯಿಗೆ ಹಳೆ ಬುಟ್ಟಿ ಇಡಬೇಕು, ಇಲ್ಲದಿದ್ದರೆ ಇರುವೆ, ಇಲಿ ಬರುತ್ತವೆ. ನೀರು ನಿಲ್ಲಲು ಬಿಡಬಾರದು, ನಿಂತರೆ ಸೊಳ್ಳೆ ಆಗುತ್ತದೆ. ಕಾಲುವೆಯ ಪಕ್ಕ ಬಸಳೆ ಕಡ್ಡಿ ಊರಿದರೆ ಅದೂ ಹಬ್ಬುತ್ತದೆ.

ಹಾಕಿದ ನೀರು ಬೇಗ ಆರಬಾರದು ಅಂದರೆ ಮತ್ತೆ ಎಲೆಯೇ ಬೇಕು. ನಾನು ಮನೆಯ ಹಿತ್ತಲಲ್ಲಿ ಒಂದು ಪ್ರಯೋಗ ಮಾಡಿದೆ. ಎರಡು ಸಣ್ಣ ಮಡಿ ಮಾಡಿ ಎರಡಕ್ಕೂ ಮುಂಜಾನೆ ಒಂದೊಂದು ಚೊಂಬು ನೀರು ಹಾಕಿದೆ. ಒಂದನ್ನು ಹಾಗೇ ಬಿಟ್ಟೆ, ಇನ್ನೊಂದರ ಮೇಲೆ ಒಣ ಎಲೆ ಹರಡಿದೆ. ಸಂಜೆ ಬೆರಳು ಹಾಕಿ ನೋಡಿದರೆ ಬರಿ ಮಡಿಯ ಮಣ್ಣು ಪುಡಿ ಪುಡಿ, ಎಲೆಯ ಕೆಳಗಿನ ಮಣ್ಣು ಇನ್ನೂ ತಂಪು. ಬೇಕಾದರೆ ನೀವೂ ಮಾಡಿ ನೋಡಿ. ದುಡ್ಡು ಖರ್ಚಿಲ್ಲ.

ಇಂಗ್ಲಿಷ್ ಪಾಠದಲ್ಲಿ ವಸಂತ ಬಂತೆಂದರೆ ಎಲ್ಲರೂ ಬಿತ್ತುತ್ತಾರೆ. ಚಳಿ ದೇಶಗಳಲ್ಲಿ ಅದು ನಿಜ. ಅಲ್ಲಿ ಹಿಮ ಕರಗಬೇಕು, ನೆಲ ಬೆಚ್ಚಗಾಗಬೇಕು, ಅದಕ್ಕೇ ಜನ ವಸಂತಕ್ಕೆ ಕಾಯುತ್ತಾರೆ. ನಮ್ಮಲ್ಲಿ ಮಾವಿನ ಹೂ, ಮುತ್ತುಗದ ಹೂ, ಕೋಗಿಲೆ ಎಲ್ಲ ಬರುತ್ತವೆ, ಆದರೆ ನೆಲದಲ್ಲಿ ಹಸಿ ಇರೋದಿಲ್ಲ. ನಾವು ಕಾಯೋದು ಜೂನ್ ಮಳೆಗೆ. ಹೋದ ಮಳೆಗಾಲ ಕಾಕಾನ ಸಂಗಡ ಮುಂಡಗೋಡಕ್ಕೆ ಹೋಗಿದ್ದೆ. ಅಲ್ಲಿಯ ಟಿಬೆಟಿಯನ್ ಕಾಲನಿಯ ಹೊಲಗಳಲ್ಲಿ ಗೋವಿನಜೋಳ ಎದೆಯ ಎತ್ತರ ಬೆಳೆದಿತ್ತು. 1966ರಲ್ಲಿ ಆ ಕಾಲನಿ ಶುರು ಆಯಿತಂತೆ. ಅವರ ಹಿರಿಯರು ಹಿಮದ ನಾಡಿನಿಂದ ಬಂದವರು. ಇಲ್ಲಿಗೆ ಬಂದ ಮೇಲೆ ಅವರೂ ನಮ್ಮ ಹಾಗೆ ಮುಗಿಲು ನೋಡಿ ಬಿತ್ತುವುದನ್ನು ಕಲಿತರು. ಹುಟ್ಟಿದಾಗಿನಿಂದ ಇಲ್ಲೇ ಇರುವ ನಾವು ಮಾತ್ರ ಫೆಬ್ರುವರಿಯಲ್ಲಿ ಕ್ಯಾಬೀಜ್ ನೆಟ್ಟೆವು!

ಹಾಗಾದರೆ ಉಳಿದ ಜಾಗದಲ್ಲಿ ಏನು ಮಾಡೋದು? ಇದನ್ನು ನಾನು ಅಜ್ಜಿಯಿಂದ ಕಲಿತೆ.

ನನ್ನ ಅವ್ವನ ತವರು ಜೋಯಿಡಾ ತಾಲೂಕಿನ ರಾಮನಗರ. ಆದರೆ ಅಜ್ಜಿಯ ಮೊದಲಿನ ಮನೆ ಇದ್ದದ್ದು ಸೂಪಾದಲ್ಲಿ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಊರು ನೀರಿನ ಕೆಳಗೆ ಹೋಯಿತು. 1987ರಲ್ಲಿ ಅಣೆಕಟ್ಟು ಪೂರ್ತಿ ಆಯಿತು. ಅದಕ್ಕೂ ಮೊದಲೇ ಜನ ಗಂಟುಮೂಟೆ ಕಟ್ಟಿಕೊಂಡು ಹೊರಟಿದ್ದರು. ಅಜ್ಜಿ ಆಗ ಹೊಸ ಸೊಸೆ. ಭಾಂಡೆ, ಹಾಸಿಗೆ, ಕೋಳಿ ಬುಟ್ಟಿ ಎಲ್ಲ ಏರಿಸಿದ ಮೇಲೆ ಅಜ್ಜಿಯ ಅತ್ತೆ ಒಂದು ಚೀಲ ಸುವರ್ಣಗೆಡ್ಡೆ ತಂದು ಇಟ್ಟರಂತೆ. "ಮನೀನ ಹೊಂಟೈತಿ, ಗಡ್ಡಿ ತಗೊಂಡ ಏನ್ ಮಾಡತಿ?" ಅಂತ ಜನ ನಕ್ಕರಂತೆ. ಹೊಸ ಜಾಗದಲ್ಲಿ ಗೋಡೆ ಏಳುವ ಮೊದಲೇ ಅವರು ಹಿಂದೆ ಗುಂಡಿ ತೋಡಿ, ಎಲೆ ಸಗಣಿ ತುಂಬಿ, ಮಣ್ಣು ಮುಚ್ಚಿ ಬಿಟ್ಟರು. ಮಳೆ ಹತ್ತಿರ ಬಂದಾಗ ಗೆಡ್ಡೆ ಊರಿದರು. ಅದೇ ಗೆಡ್ಡೆಯ ಸಂತತಿ ಇವತ್ತು ನಮ್ಮ ಮನೆಯ ಹಿತ್ತಲಲ್ಲೂ ಇದೆ. ಅಜ್ಜಿ ಈಗಲೂ ಹೇಳುತ್ತಾಳೆ, "ಗುಂಡಿ ಮೊದಲು, ಗಡ್ಡಿ ಆಮ್ಯಾಲೆ."

ಸುವರ್ಣಗೆಡ್ಡೆಯ ಗುಣ ನೋಡಿ. ಚಳಿಗಾಲದಲ್ಲಿ ಅದರ ಎಲೆ ಹಳದಿಯಾಗಿ ಬಿದ್ದ ಮೇಲೆ ಅಗೆಯುತ್ತಾರೆ. ಬೇಸಿಗೆ ಪೂರ್ತಿ ಅದು ಮನೆಯ ಮೂಲೆಯಲ್ಲಿ ಒಂದು ಹನಿ ನೀರಿಲ್ಲದೆ ಸುಮ್ಮನೆ ಮಲಗಿರುತ್ತದೆ. ಮಳೆ ಹತ್ತಿರ ಬಂದಾಗ ತಾನೇ ಮೊಳಕೆ ತೋರಿಸುತ್ತದೆ. ಅಂದರೆ ನಮಗೆ ರಜೆ ಇದ್ದಾಗ ಅದಕ್ಕೂ ರಜೆ. ಶಾಲೆಯ ಹಿತ್ತಲಿಗೆ ಇದಕ್ಕಿಂತ ಒಳ್ಳೆಯ ಗಿಡ ಯಾವುದಿದೆ? ಕೆಸುವಿನ ಗೆಡ್ಡೆಯೂ ಹಾಗೇ ಮಳೆಯ ಜೊತೆ ಏಳುತ್ತದೆ. ಮರಗೆಣಸನ್ನು ಬರಿ ಕಡ್ಡಿ ಊರಿ ಬೆಳೆಸಬಹುದು. ಜೋಯಿಡಾದಲ್ಲಿ ಗೆಡ್ಡೆಗೆಣಸು ಮೇಳ ನಡೆಯುತ್ತದೆ. ಕುಣಬಿ ಜನ ತಮ್ಮ ಹಿತ್ತಲಲ್ಲಿ ಬೆಳೆದ ಹತ್ತಾರು ಬಗೆಯ ಗೆಡ್ಡೆಗಳನ್ನು ಅಲ್ಲಿಗೆ ತರುತ್ತಾರೆ. ದೂರದಿಂದ ಬಂದವರು ಕೊಂಡುಕೊಂಡು ಹೋಗುತ್ತಾರೆ. ನಮ್ಮ ತಾಲೂಕುಗಳಲ್ಲೇ ಇಷ್ಟು ಇರುವಾಗ ನಮ್ಮ ಶಾಲೆಯ ಹಿತ್ತಲಲ್ಲಿ ಒಂದಾದರೂ ಬೇಡವೇ?

ಆದ್ದರಿಂದ ಮುಂದಿನ ಶನಿವಾರ ಹೀಗೆ ಮಾಡೋಣ ಅಂತ ನನ್ನ ಕೇಳಿಕೆ. ಹಿತ್ತಲ ಮೂಲೆಯಲ್ಲಿ ಎಲೆಗೆ ಒಂದು ದೊಡ್ಡ ಗುಂಡಿ. ಒಂದು ಪದರ ಎಲೆ, ಒಂದು ಪದರ ಸಗಣಿ, ಮೇಲೆ ಸ್ವಲ್ಪ ಮಣ್ಣು, ಚೂರು ನೀರು. ಸಾಗವಾನಿ ಎಲೆ ಬೇಗ ಕೊಳೆಯೋದಿಲ್ಲ, ಅದನ್ನು ಹರಿದು ಹಾಕಬೇಕು. ತಿಂಗಳಿಗೆ ಒಂದು ಸಲ ಸಲಿಕೆಯಿಂದ ಮೇಲೆ ಕೆಳಗೆ ಮಾಡಬೇಕು. ಬೇಲಿಯ ಪಕ್ಕ ಒಂದೊಂದು ಮೊಳ ಆಳದ ಹತ್ತು ಗುಂಡಿ ಗೆಡ್ಡೆಗೆ. ಅವನ್ನೂ ಈಗಲೇ ಎಲೆ, ಸಗಣಿಯಿಂದ ತುಂಬಿ ಬಿಡಬೇಕು. ಸುಟ್ಟ ಬೇಲಿ ಕಟ್ಟಬೇಕು, ಇಲ್ಲದಿದ್ದರೆ ಆಡು, ಕಾಡುಹಂದಿ ಎರಡೂ ನಮಗೆ ಏನೂ ಉಳಿಸೋದಿಲ್ಲ. ಇನ್ನೊಂದು, ಗುಡಿಸೋದು ಬರಿ ಹುಡುಗಿಯರು ಅನ್ನುವ ಪದ್ಧತಿ ಬೇಡ. ಕಸಬರಿಗೆ ಹುಡುಗರ ಕೈಗೂ ಬರಲಿ, ಗುದ್ದಲಿ ಹುಡುಗಿಯರ ಕೈಗೂ ಹೋಗಲಿ.

ಸಗಣಿ ಎಲ್ಲಿಂದ ಅಂತ ಕೇಳುತ್ತೀರಿ. ಆ ಅಜ್ಜನ ಮಾತು ಈಗ ಹೇಳುತ್ತೇನೆ. ನಾನು ಎಲ್ಲ ಹೇಳಿದ ಮೇಲೆ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಂದ ವರ್ಷ ಬೇಕಾತೇನೋ ತಮ್ಮಾ?" ಅಂದರು. ನಾನು ತಲೆ ತಗ್ಗಿಸಿದೆ. ಎಲೆಗುಂಡಿಯ ವಿಷಯ ಹೇಳಿದಾಗ ಮಾತ್ರ ಅವರ ಮುಖ ಸ್ವಲ್ಪ ಸಡಿಲಾಯಿತು. "ನಾಕ ಬುಟ್ಟಿ ಸಗಣಿ ನಾ ಕೊಡತೇನಿ. ಹೊತ್ತಕೊಂಡ ಹೋಗಾಂವ ಮಾತ್ರ ನೀನ" ಅಂದರು. ಶನಿವಾರ ನಾನು ಹೊತ್ತು ತರುತ್ತೇನೆ. ಯಾರಾದರೂ ಸಂಗಡ ಬಂದರೆ ಬೇಡ ಅನ್ನೋದಿಲ್ಲ.

ನನ್ನ ಮಾತಿಗೆ ಒಂದು ವಿರೋಧ ಇದೆ, ಅದು ಸರಿಯಾದ ವಿರೋಧ. "ಎಲಿ ಇಟ್ಟರ ಹಾವು ಚೇಳು ಬರತಾವು" ಅಂತ ಅಡುಗೆ ಅಕ್ಕ ಹೇಳಿದರು. ನಿಜ. ಅದಕ್ಕೇ ಅಂಗಳ, ಪಾಯಿಖಾನೆಯ ದಾರಿ, ಸಣ್ಣ ಮಕ್ಕಳು ಆಡುವ ಜಾಗ ಇವನ್ನು ದಿನಾ ಗುಡಿಸಲೇಬೇಕು. ಗುಂಡಿ ವರ್ಗದ ಕೋಣೆಗಳಿಂದ ದೂರ ಇರಬೇಕು. ಎಲೆಯ ಒಳಗೆ ಯಾರೂ ಕೈ ಹಾಕಬಾರದು, ಕೋಲು ಅಥವಾ ಸಲಿಕೆ ಬಳಸಬೇಕು. ಒಂದನೇ, ಎರಡನೇ ವರ್ಗದವರು ಗುಂಡಿಯ ಹತ್ತಿರ ಹೋಗೋದು ಬೇಡ. ಇಷ್ಟು ಮಾಡಿದರೆ ಹೆದರಿಕೆ ಕಡಿಮೆ ಆಗುತ್ತದೆ. ಬೆಂಕಿಯ ಹೆದರಿಕೆ ಹೇಗಿರುತ್ತದೆ ಅಂತ ನಾನು ನೋಡಿದ್ದೇನೆ.

ಸುಟ್ಟ ನುಗ್ಗೆ, ಪೇರಲದ ಬದಲು ಜೂನ್ ತಿಂಗಳಲ್ಲಿ ನಾನೇ ಗಿಡ ತಂದು ನೆಡುತ್ತೇನೆ. ಆ ಹೊತ್ತಿಗೆ ನಾನು ಈ ಶಾಲೆಯಲ್ಲಿ ಇರೋದಿಲ್ಲ. ಮಾರ್ಚ್ ಮುಗಿದರೆ ನಾವು ಏಳನೇ ವರ್ಗದವರು ಹೈಸ್ಕೂಲಿಗೆ ಹೊರಡುತ್ತೇವೆ. ನಾವು ತೋಡಿದ ಗುಂಡಿಯ ಗೆಡ್ಡೆ ಮುಂದಿನ ಸಂಕ್ರಾಂತಿ ಹೊತ್ತಿಗೆ ಅಗೆಯಲು ಬರುತ್ತದೆ. ಅದರ ಪಲ್ಯ ಈಗಿನ ಆರನೇ ವರ್ಗದವರ ತಟ್ಟೆಗೆ ಬೀಳುತ್ತದೆ. "ಹಂಗಾದ್ರ ನಾವ್ಯಾಕ ಗುಂಡಿ ತೋಡಬೇಕೋ?" ಅಂತ ನನ್ನ ಗೆಳೆಯ ಕೇಳಿದ. ನಾವು ಮೂರನೇ ವರ್ಗದಲ್ಲಿದ್ದಾಗ ಸಾರಿನಲ್ಲಿ ನುಗ್ಗೆಕಾಯಿ ಹುಡುಕಿ ಹುಡುಕಿ ಜಗಳ ಮಾಡಿ ತಿಂದೆವಲ್ಲ, ಆ ಮರ ನೆಟ್ಟವರ ಹೆಸರು ಯಾರಿಗಾದರೂ ಗೊತ್ತಿದೆಯೇ ಅಂತ ನಾನು ಕೇಳಿದೆ. ಅವನು ಸುಮ್ಮನಾದ. ಶನಿವಾರ ಗುದ್ದಲಿ ತರುತ್ತೇನೆ ಅಂದಿದ್ದಾನೆ.

ಆರನೇ ವರ್ಗದವರಿಗೆ ಒಂದು ಕೇಳಿಕೆ. ಗೆಡ್ಡೆ ಅಗೆದಾಗ ಎಲ್ಲವನ್ನೂ ಅಡುಗೆಗೆ ಕೊಡಬೇಡಿ. ಹತ್ತು ತುಂಡು ಬೀಜಕ್ಕೆ ಅಂತ ಎತ್ತಿಡಿ. ಹೆಚ್ಚುವಾಗ ಕೈ ತುರಿಸುತ್ತದೆ, ಪಲ್ಯಕ್ಕೆ ಹುಣಸೆಹುಳಿ ಹಾಕಲು ಅಡುಗೆ ಅಕ್ಕನಿಗೆ ನೆನಪು ಮಾಡಿ.

ನನ್ನ ಲೇಖನದಲ್ಲಿ ತಪ್ಪಿದ್ದರೆ ಗುರುಗಳು, ಅಕ್ಕೋರು ತಿದ್ದಬೇಕು. ಒಪ್ಪದವರು ಮುಂದಿನ ಪತ್ರಿಕೆಯಲ್ಲಿ ಬರೆಯಿರಿ, ಕೆಳಗೆ ಜಾಗ ಬಿಟ್ಟಿದ್ದೇನೆ. ಒಪ್ಪಿದವರು ಶನಿವಾರ ಬರುವಾಗ ಗುದ್ದಲಿ, ಸಲಿಕೆ, ಬುಟ್ಟಿ ಏನಿದ್ದರೆ ಅದನ್ನು ತನ್ನಿರಿ. ಕಡ್ಡಿಪೆಟ್ಟಿಗೆ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿರಿ.

ಇಂತಿ ನಿಮ್ಮ ಗೆಳೆಯ,
7ನೇ ವರ್ಗದ ವಿದ್ಯಾರ್ಥಿ